ಬೆಳಿಗ್ಗೆ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ, ಮಧ್ಯಾಹ್ನ ಚರ್ಚೆಗೆ ಕರೆದರೆ

"ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಎದ್ದು ನಿಲ್ಲಿ, ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರ ಯಾರು ಕೊಟ್ಟಿಲ್ಲ ನೋಡಬೇಕು." ಈ ವಾರ ಉಪನ್ಯಾಸಕ್ಕೆಂದು ಹೋಗಿದ್ದ ಪದವಿ ಕಾಲೇಜೊಂದರಲ್ಲಿ, ನಾನು ಮಾತನಾಡುತ್ತಿದ್ದಾಗಲೇ ಕಚೇರಿಯ ಸಿಬ್ಬಂದಿಯೊಬ್ಬರು ಬಾಗಿಲಲ್ಲಿ ನಿಂತು ಹೀಗೆ ಕೂಗಿದರು. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ತಕ್ಷಣ ಏಳಲಿಲ್ಲ. ಪಕ್ಕದವಳ ಕಡೆಗೊಮ್ಮೆ ನೋಡಿ, ನೋಟ್‌ಬುಕ್ ಮುಚ್ಚಿಟ್ಟು, ಎಲ್ಲರಿಗಿಂತ ಕೊನೆಗೆ ಎದ್ದಳು. ಅದೇ ದಿನ ಮಧ್ಯಾಹ್ನ ಅದೇ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ವಿಷಯ: ಮೀಸಲಾತಿ ಇನ್ನೂ ಬೇಕೇ? ವೇದಿಕೆ ಹತ್ತಿದವರಲ್ಲಿ ಬೆಳಿಗ್ಗೆ ಎದ್ದು ನಿಂತ ಮುಖಗಳಲ್ಲಿ ಒಂದೂ ಇರಲಿಲ್ಲ. "ನಮ್ಮ ಮಕ್ಕಳಿಗೆ ಮಾತನಾಡುವ ಧೈರ್ಯವೇ ಇಲ್ಲ ಮೇಡಂ" ಎಂದರು ಸಂಘಟಕರು.

ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಧೈರ್ಯವಿಲ್ಲದ್ದು ಮಕ್ಕಳಿಗಲ್ಲ. ಜಾತಿಯ ಹೆಸರಿನಲ್ಲಿ ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದ ತರಗತಿಯನ್ನು ಯಾವ ವಿದ್ಯಾರ್ಥಿ ನಂಬಿ ಬಾಯಿ ಬಿಡಬೇಕು? ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2012ರಲ್ಲಿ ಹೊರಡಿಸಿದ ಸಮಾನತೆಯ ನಿಯಮಾವಳಿಯು, ತರಗತಿಯಲ್ಲಿ ವಿದ್ಯಾರ್ಥಿಗಳ ಜಾತಿ, ಪಂಗಡ, ಧರ್ಮಗಳನ್ನು ಸಾರಿ ಹೇಳುವುದನ್ನೂ ಅವರಿಗೆ ಮೀಸಲಾತಿಯವರೆಂಬ ಹಣೆಪಟ್ಟಿ ಹಚ್ಚುವುದನ್ನೂ ತಾರತಮ್ಯವೆಂದೇ ಎಣಿಸಿದೆ. ನಿಯಮ ಬಂದು ಇಷ್ಟು ವರ್ಷಗಳಾದರೂ ಆ ಕೂಗು ನಿಂತಿಲ್ಲ, ಅದನ್ನು ಕೇಳಿಸಿಕೊಂಡ ಉಪನ್ಯಾಸಕರೂ ತಲೆ ಎತ್ತುವುದಿಲ್ಲ.

ಭಿನ್ನಾಭಿಪ್ರಾಯವೇ ಬೇಡವೆಂದು ನಾನು ಹೇಳುತ್ತಿಲ್ಲ. ರಾಜ್ಯಶಾಸ್ತ್ರ ಪಾಠ ಮಾಡುವ ನಾನು ಹಾಗೆ ಹೇಳಲಾರೆನೆಂದು ನಿಮಗೂ ಗೊತ್ತು. ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 10ರಷ್ಟು ಮೀಸಲಾತಿ ನೀಡಿದ 2019ರ ಸಂವಿಧಾನದ 103ನೇ ತಿದ್ದುಪಡಿಯ ಬಗ್ಗೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳೇ 2022ರ ನವೆಂಬರಿನಲ್ಲಿ ಮೂವರು ಪರ, ಇಬ್ಬರು ವಿರುದ್ಧ ಆದರು. ಆರ್ಥಿಕ ಮಾನದಂಡವನ್ನು ಬಳಸಬಹುದೆಂಬುದನ್ನು ಭಿನ್ನಮತದ ಇಬ್ಬರೂ ಒಪ್ಪಿದರು. ಪರಿಶಿಷ್ಟರು ಮತ್ತು ಹಿಂದುಳಿದ ವರ್ಗಗಳ ಬಡವರನ್ನು ಅದರಿಂದ ಹೊರಗಿಟ್ಟದ್ದನ್ನು ಮಾತ್ರ ಒಪ್ಪಲಿಲ್ಲ. ಎಲ್ಲಿಯವರೆಗೆ ಒಪ್ಪಿಗೆ, ಎಲ್ಲಿಂದ ತಕರಾರು ಎಂದು ಗೆರೆ ಎಳೆದು ತೋರಿಸುವ ಈ ಬಗೆಯನ್ನು ನಾವು ತರಗತಿಗೆ ತರುವುದಿಲ್ಲ. ಪರ ಒಬ್ಬರು, ವಿರುದ್ಧ ಒಬ್ಬರು, ಮೂರು ನಿಮಿಷ, ಗಂಟೆ, ಚಪ್ಪಾಳೆ, ಪಾರಿತೋಷಕ. ಒಬ್ಬರಿಗೆ ಅದು ಭಾಷಣದ ವಿಷಯ, ಇನ್ನೊಬ್ಬರಿಗೆ ಮನೆಯ ವಿಷಯ. ಇಬ್ಬರಿಗೂ ಅದೇ ಮೂರು ನಿಮಿಷ ಕೊಟ್ಟರೆ ಸಮಾನತೆ ಬಂದಂತಾಗುವುದಿಲ್ಲ.

ಹೊರಗಿನ ಪ್ರಪಂಚ ಇದಕ್ಕಿಂತ ಒರಟು, ಮಕ್ಕಳು ಗಟ್ಟಿಯಾಗಲಿ ಎನ್ನುವ ಸಹೋದ್ಯೋಗಿಗಳಿದ್ದಾರೆ. ಗಟ್ಟಿಯಾಗಬೇಕಾದವರು ಪ್ರತಿ ಸಲವೂ ಅದೇ ಮಕ್ಕಳೇ ಏಕೆ ಎಂಬ ಪ್ರಶ್ನೆಗೆ ಅವರು ಉತ್ತರಿಸಿದ್ದನ್ನು ನಾನು ಕೇಳಿಲ್ಲ. ಪಠ್ಯಕ್ರಮ ಮುಗಿಸಲು ಸಮಯವಿಲ್ಲ, ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರೇ ಎನ್ನುವ ಮಾತಿನಲ್ಲಿ ನಿಜವಿದೆ. ಆದರೆ ಕೂಗಿ ಎಬ್ಬಿಸಿ ನಿಲ್ಲಿಸದೇ ಇರುವುದಕ್ಕೆ ಯಾವ ಸಮಯವೂ ಬೇಕಾಗಿಲ್ಲ.

ನನ್ನ ತರಗತಿಯಲ್ಲಿ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಎದುರಿನವರ ವಾದವನ್ನು ಮೊದಲು ನೀವೇ ಹೇಳಿ, "ಹೌದು, ನಾನು ಹೇಳಿದ್ದು ಇದನ್ನೇ" ಎಂದು ಅವರು ಒಪ್ಪಿದ ಮೇಲೆಯೇ ನಿಮ್ಮ ಉತ್ತರ. ಮೊದಮೊದಲು ಬಹಳ ನಿಧಾನವಾಗುತ್ತದೆ, ಮಕ್ಕಳು ಬೇಸರಪಡುತ್ತಾರೆ. ಮಾತು ಹಿಡಿಯುವುದು ಆಮೇಲೆ. ಜಾತಿ, ಧರ್ಮದಂಥ ವಿಷಯಗಳನ್ನು ಸೆಮಿಸ್ಟರಿನ ಮೊದಲ ವಾರಗಳಲ್ಲಿ ನಾನು ಮುಟ್ಟುವುದೇ ಇಲ್ಲ. ಹಾಸ್ಟೆಲಿನ ಊಟ, ಬಸ್ಸಿನ ಸಮಯದಂಥ ಸಣ್ಣ ಜಗಳಗಳಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಂಡ ಅಭ್ಯಾಸವಾಗಲಿ ಎಂದು ಕಾಯುತ್ತೇನೆ. ಹೀಗೆ ಕಾದು ಕಟ್ಟಿದ್ದನ್ನು ಬಾಗಿಲಿನಿಂದ ಬಂದ ಒಂದು ಕೂಗು ಅರೆಕ್ಷಣದಲ್ಲಿ ಕೆಡವಿಹಾಕುತ್ತದೆ, ನನ್ನ ಸಂಕಟ ಇದು.

ಆ ಕಾಲೇಜಿನ ಪ್ರಾಂಶುಪಾಲರಿಗೆ ಹೊರಡುವ ಮುನ್ನ ಹೇಳಿ ಬಂದೆ: ವಿದ್ಯಾರ್ಥಿವೇತನದ ಅರ್ಜಿಯೇ ಆನ್‌ಲೈನ್ ಆಗಿರುವಾಗ, ಬಾಕಿ ಇರುವವರ ಮೊಬೈಲಿಗೆ ಒಂದು ಸಂದೇಶ ಕಳುಹಿಸಿದರೆ ಸಾಕು, ಅವರು ಕಚೇರಿಗೆ ತಾವೇ ಬರುತ್ತಾರೆ. "ನೋಡೋಣ" ಎಂದಿದ್ದಾರೆ. ಮುಂದಿನ ತಿಂಗಳು ಮತ್ತೆ ಕರೆದಿದ್ದಾರೆ. ಹೋದಾಗ ಮೊದಲು ಇದನ್ನೇ ಕೇಳುತ್ತೇನೆ.