ಮುಗಿದ ಚಿತ್ರಕ್ಕಿಂತ ಬರೆಯುತ್ತಿರುವ ಚಿತ್ರ

ಕನ್ನಡದಲ್ಲಿ ನಾವು ಚಿತ್ರವನ್ನೂ ‘ಬರೆಯುತ್ತೇವೆ’. ಕರ್ನಾಟಕ ಬಿಟ್ಟು ಬೇರೆ ಕಡೆ ಪಾಠ ಹೇಳಲು ಶುರು ಮಾಡಿದ ಮೇಲೆಯೇ ಈ ಮಾತು ಎಷ್ಟು ಸರಿ ಅಂತ ನನಗೆ ಹೊಳೆದದ್ದು.

ನಾನು ಶಿಕ್ಷಕ ತರಬೇತಿ ಪಡೆದಾಗ ನೋಟ್ಸ್ ಅಂದರೆ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವುದು. ಅಂಚಿನಲ್ಲಿ ಏನಾದರೂ ಗೀಚಿದರೆ ಬೈಗುಳ ಗ್ಯಾರಂಟಿ. ಇಲ್ಲಿನ ತರಬೇತಿಗಳಲ್ಲಿ ಒಬ್ಬರು ದೊಡ್ಡ ಹಾಳೆಯ ಮುಂದೆ ನಿಂತು, ಮಾತು ನಡೆಯುತ್ತಿರುವಾಗಲೇ ಅದನ್ನು ಗೆರೆ, ಬಾಣ, ನಾಲ್ಕು ಪದಗಳಲ್ಲಿ ಹಿಡಿಯುತ್ತಾರೆ. ಸ್ಕೆಚ್‌ನೋಟ್ ಅಂತಾರೆ.

ಮನಸ್ಸಿಗೆ ಪೆಟ್ಟು ಬಿದ್ದ ಮಕ್ಕಳಿಗೆ ಪಾಠ ಮಾಡುವುದು ಹೇಗೆ ಅನ್ನುವ ವಿಷಯಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಮನೋವೈದ್ಯ ಡ್ಯಾನಿಯಲ್ ಸೀಗಲ್ ಮಿದುಳನ್ನು ಮುಷ್ಟಿಯಲ್ಲಿ ತೋರಿಸುತ್ತಾರೆ. ಒಳಗೆ ಮಡಚಿದ ಹೆಬ್ಬೆರಳು ಭಯ, ಸಿಟ್ಟು ಹುಟ್ಟುವ ಭಾಗ. ಅದನ್ನು ಮುಚ್ಚಿದ ನಾಲ್ಕು ಬೆರಳು ಯೋಚಿಸುವ ಭಾಗ. ಭಯ ಮಿತಿ ಮೀರಿದರೆ ಬೆರಳುಗಳು ಮೇಲೇಳುತ್ತವೆ. ಆಗ ಮಗುವಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಮೊದಲು ಅದು ಸಮಾಧಾನವಾಗಬೇಕು. ಇದನ್ನು ನಾನು ಬೋರ್ಡ್ ಮೇಲೆ ಬರೆಯುತ್ತಿದ್ದಾಗ ಸಹೋದ್ಯೋಗಿಯೊಬ್ಬರು ತಮ್ಮ ಮುಷ್ಟಿಯನ್ನೇ ನೋಡಿಕೊಂಡು, “ಹಾಗಾದರೆ ನಾನು ಕೂಗಾಡುವಾಗ ನನ್ನ ಬೆರಳೂ ಎದ್ದಿರುತ್ತೆ ಅಲ್ವಾ?” ಅಂದರು.

ಅದೇ ಚಿತ್ರದ ಫೋಟೊ ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. ಎಲ್ಲರೂ ಹೆಬ್ಬೆಟ್ಟು ಒತ್ತಿದರು, ಅಷ್ಟೆ. ಇಲ್ಲಿನವರು ಮುಗಿದ ಹಾಳೆಯ ಅಂದಕ್ಕೆ ಜಾಸ್ತಿ ಮರುಳಾಗುತ್ತಾರೆ. ನಮ್ಮ ವಿಜ್ಞಾನದ ಮೇಷ್ಟ್ರು ಹೃದಯದ ಚಿತ್ರ ಬರೆಯುವಾಗ ಒಂದು ಗೆರೆ, ಒಂದು ಮಾತು. ಬೆಲ್ ಹೊಡೆದರೆ ಅಳಿಸಿಯೂ ಬಿಡುತ್ತಿದ್ದರು. ನನ್ನ ಓಟು ಮೇಷ್ಟ್ರಿಗೇ.

ಅಂದದ ಚಿತ್ರ ದಾರಿ ತಪ್ಪಿಸುವುದೂ ಉಂಟು. ಬಾಲ್ಯದ ಕಹಿ ಅನುಭವಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕಾಯಿಲೆಗಳ ಅಪಾಯ ಹೆಚ್ಚು ಅಂತ ಅಮೆರಿಕದಲ್ಲಿ ಫೆಲಿಟ್ಟಿ, ಆಂಡಾ ಮತ್ತಿತರ ಸಂಶೋಧಕರು 1998ರಲ್ಲಿ ತೋರಿಸಿದರು. ಅದನ್ನು ಪಿರಮಿಡ್ ಮಾಡಿ ಬರೆಯುವುದು ಸುಲಭ. ನೋಡಿದವರು ಸುಮ್ನೆ ಕಹಿ ಅನುಭವಗಳನ್ನು ಎಣಿಸಿ ಒಂದೊಂದು ಮಗುವಿಗೂ ಅಂಕ ಹಾಕಲು ಶುರು ಮಾಡುತ್ತಾರೆ. ಆ ಅಂಕವನ್ನು ಒಬ್ಬೊಬ್ಬರ ಹಣೆಬರಹ ಹೇಳಲು ಬಳಸಬೇಡಿ ಅಂತ 2020ರಲ್ಲಿ ಆಂಡಾ ಅವರೇ ಎಚ್ಚರಿಸಿದ್ದಾರೆ. ಪಿರಮಿಡ್‌ನಲ್ಲಿ ಈ ಎಚ್ಚರಿಕೆಗೆ ಜಾಗವೇ ಇರುವುದಿಲ್ಲ.

ಇನ್ನೊಂದು. ಮೂಲೆಯಲ್ಲಿ ಮುದುಡಿ ಅಳುವ ಮಗು, ತಲೆ ಮೇಲೆ ಕಪ್ಪು ಮೋಡ, ದಯವಿಟ್ಟು ಇದನ್ನು ಬರೆಯಬೇಡಿ. ಕೋಣೆಯಲ್ಲಿ ಕೂತ ಶಿಕ್ಷಕರಲ್ಲೇ ಒಬ್ಬರು ಆ ಮಗುವಾಗಿದ್ದಿರಬಹುದು. ನಾವು ಮಾಡಬೇಕಾದ್ದನ್ನು ಬರೆಯೋಣ. ಗೋಡೆಯ ಮೇಲೆ ಇವತ್ತು ಏನೇನು ನಡೆಯುತ್ತದೆ ಅನ್ನುವ ಪಟ್ಟಿ. ಮಗುವಿನ ಕಣ್ಣಿನ ಮಟ್ಟಕ್ಕೆ ಕೂತ ದೊಡ್ಡವರು.

ಈಗೀಗ ನಾನು ಅರ್ಧ ಹಾಳೆ ಖಾಲಿ ಬಿಟ್ಟು ಪೆನ್ ದಾಟಿಸುತ್ತೇನೆ. ಹೋದ ಸಲ ಒಬ್ಬರು ಒಂದು ಕುರ್ಚಿ ಬರೆದರು. ಅದರ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಯಾರು ಒಳಗೆ ಬಂದರೂ ಅಲ್ಲಿ ಕೂತ ಮಗುವಿಗೆ ಮೊದಲೇ ಕಾಣುತ್ತದೆ.