ನೇಪಾಳಕ್ಕೆ ಮಿಷನ್ ಟ್ರಿಪ್ ಹೊರಟವರಿಗೆ: ಪೊಲೀಸರು ಬರೋದು ಅಲ್ಲಿನ ಪಾಸ್ಟರ್ ಮನೆಗೆ

ಬೆಳಗ್ಗಿನಿಂದ ವಾಟ್ಸಾಪ್‌ನಲ್ಲಿ ಒಂದು ಪೋಸ್ಟರ್ ಓಡಾಡ್ತಾ ಇದೆ. ನಮ್ಮ ಬೀದರ್-ಕಲಬುರಗಿ ಕಡೆಯ ಹುಡುಗರ ತಂಡ ನೇಪಾಳಕ್ಕೆ ಸೇವೆಗೆ ಹೊರಟಿದೆಯಂತೆ. ಹೋಗುವವರ ಫೋಟೋ ಸಾಲಾಗಿವೆ. ಕೆಳಗೆ, ಅಲ್ಲಿ ಇವರನ್ನು ಇಳಿಸಿಕೊಳ್ಳುವ ಪಾಸ್ಟರ್ ಅವರ ಮುಖ, ಹೆಸರು, ಊರು, ಫೋನ್ ನಂಬರ್. ಮೇಲೆ ದಪ್ಪಕ್ಷರದಲ್ಲಿ ಆತ್ಮಗಳನ್ನು ಗೆಲ್ಲುವ, ಅಂದರೆ ಜನರನ್ನು ಕ್ರಿಸ್ತನ ಕಡೆಗೆ ತರುವ ಘೋಷಣೆ. ಲೈಕ್ ಒತ್ತಿದವರಲ್ಲಿ ನಮ್ಮ ಸಭೆಯ (ಚರ್ಚಿನ) ಹಿರಿಯರೂ ಇದ್ದಾರೆ. "ತಮ್ಮಾ, ಇದನ್ನ ಮೊದಲು ಅಳಿಸಪ್ಪಾ" ಅಂತ ಒಬ್ಬರೂ ಹೇಳಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ನೇಪಾಳದ 2015ರ ಸಂವಿಧಾನದ 26ನೇ ವಿಧಿ ಒಬ್ಬರನ್ನು ಇನ್ನೊಂದು ಧರ್ಮಕ್ಕೆ ಸೇರಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಲ್ಲಿನ ದಂಡಸಂಹಿತೆಯ 158ನೇ ಕಲಮಿನ ಪ್ರಕಾರ ಅದಕ್ಕೆ 5 ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯಾಗಿದ್ದರೆ ಶಿಕ್ಷೆ ಮುಗಿದ 7 ದಿನದೊಳಗೆ ದೇಶದಿಂದ ಹೊರಗೆ. ಕಾಗದದ ಮೇಲೆ ಶಿಕ್ಷೆ ನಮಗೂ ಇದೆ. ಆದರೆ ಯಾರಾದರೂ ದೂರು ಕೊಡುವ ಹೊತ್ತಿಗೆ ನಾವು ಸುನೌಲಿ ಗಡಿ ದಾಟಿ ಗೋರಖ್‌ಪುರದಲ್ಲಿ ರೈಲು ಹತ್ತಿರುತ್ತೇವೆ. ಆ ಪಾಸ್ಟರ್ ಮನೆ ಅಲ್ಲೇ ಇದೆ, ಅವರ ಮಕ್ಕಳ ಶಾಲೆ ಅಲ್ಲೇ ಇದೆ. ಪೋಸ್ಟರಿನಲ್ಲಿ ಅವರ ಊರು, ಫೋನ್ ನಂಬರನ್ನೂ ನಾವೇ ಕೊಟ್ಟಿದ್ದೇವೆ.

ಇದನ್ನು ಹೇಳಿದ ಕೂಡಲೇ ಒಂದು ಉತ್ತರ ಸಿದ್ಧ ಇರುತ್ತದೆ: ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಪೇತ್ರನೇ ಹೇಳಿದ್ದಾನಲ್ಲ? ಹೇಳಿದ್ದಾನೆ, ಬೈಬಲಿನ ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯ. ಅದೇ ಅಧ್ಯಾಯದ ಕೊನೆಗೆ ಹೋಗಿ ನೋಡಿ, ಹೊಡೆತ ತಿಂದವರು ಅಪೊಸ್ತಲರೇ, ಅಂದರೆ ಪೇತ್ರನೂ ಅವನ ಜೊತೆಯ ಯೇಸುವಿನ ಶಿಷ್ಯರೂ. ಮಾತು ತಾನಾಡಿ ಪೆಟ್ಟು ಬೇರೆಯವರ ಬೆನ್ನಿಗೆ ಬೀಳಲಿ ಅಂತ ಪೇತ್ರ ಬಿಟ್ಟು ಹೋಗಲಿಲ್ಲ. ಧೈರ್ಯ ಮಾಡಬೇಕೋ, ಸುಮ್ಮನಿರಬೇಕೋ ಅನ್ನುವುದನ್ನು ತೀರ್ಮಾನಿಸುವವರು ಅಲ್ಲೇ ಉಳಿಯುವ ನೇಪಾಳಿ ಸಭೆಯವರು.

ಆದ್ದರಿಂದ ಮೊದಲ ಕೆಲಸ ಟಿಕೆಟ್ ಅಲ್ಲ. ಅಲ್ಲಿನ ಸಭೆಯ ಕಮಿಟಿಯಿಂದ, ಪಾಸ್ಟರ್ ಒಬ್ಬರಿಂದಲ್ಲ, ಒಂದು ಪತ್ರ ಬರಬೇಕು. ಯಾವ ಕೆಲಸಕ್ಕೆ ಕರೆಯುತ್ತಿದ್ದೀರಿ, ಎಷ್ಟು ಜನ ಸಾಕು, ಯಾವ ವಾರ, ಯಾವುದನ್ನು ಮಾಡಲೇಬಾರದು. ಬಹಳ ಸಲ ಅವರಿಗೆ ಬೇಕಾಗಿರುವುದು ಸಂಡೇ ಸ್ಕೂಲ್ ಟೀಚರುಗಳಿಗೆ ತರಬೇತಿ, ಸಭೆಯ ಲೆಕ್ಕಪತ್ರ ಬರೆಯುವ ಪದ್ಧತಿ, ಸೋರುವ ಮಾಡಿಗೆ ತಗಡು ಹೊಡೆಯುವ ಕೈ. ಬೀದಿಯಲ್ಲಿ ಕರಪತ್ರ ಹಂಚಿ ಅಂತ ಅವರು ಕೇಳುವುದಿಲ್ಲ. ಕೇಳದಿದ್ದರೆ ಹಂಚಬಾರದು. ಐದಾರು ಜನ ಸಾಕು. ಹನ್ನೆರಡು ಜನ ಹೋದರೆ ಅಡುಗೆಮನೆಯಿಂದ ಹೊರಗೆ ಬರಲಾಗದೆ ನಿಮ್ಮನ್ನು ಇಳಿಸಿಕೊಂಡ ಮನೆಯ ಅಕ್ಕನಿಗೇ ಪ್ರಾರ್ಥನಾ ಕೂಟ ತಪ್ಪಿಹೋಗುತ್ತದೆ.

ದಿನ ಗೊತ್ತುಮಾಡುವಾಗ ಒಂದು ತಪ್ಪು ಆಗೇ ಆಗುತ್ತದೆ. ನೇಪಾಳದ ಹೆಚ್ಚಿನ ಸಭೆಗಳಲ್ಲಿ ಆರಾಧನೆ ಶನಿವಾರ. ಶುಕ್ರವಾರ ರಾತ್ರಿ ಗಡಿಯಿಂದ ಬಸ್ ಹಿಡಿದು, ಶನಿವಾರವೆಲ್ಲ ದಾರಿಯಲ್ಲಿ ಕಳೆದು, ಭಾನುವಾರಕ್ಕೆ ಪ್ರಸಂಗ ಸಿದ್ಧಮಾಡಿಕೊಂಡು ಹೋದರೆ ಆರಾಧನೆ ಹಿಂದಿನ ದಿನವೇ ಮುಗಿದಿರುತ್ತದೆ. ನಮಗೆ ದಸರಾ ರಜೆ ಸಿಗುತ್ತದೆ ಅಂತ ಆಗ ಹೊರಡುವುದು ಇನ್ನೊಂದು. ಅದೇ ಹೊತ್ತಿಗೆ ಅಲ್ಲಿ ದಶೈಂ, ಅಂದರೆ ಅವರ ದಸರಾ. ಎಲ್ಲರೂ ಊರಿಗೆ ಹೋಗುತ್ತಾರೆ, ಬಸ್ಸು ತುಂಬಿರುತ್ತದೆ, ಆಫೀಸುಗಳ ಬಾಗಿಲು ಹಾಕಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಗುಡ್ಡ ಕುಸಿದು ರಸ್ತೆ ಕಟ್ಟಾಗುತ್ತದೆ.

ವೀಸಾ ಬೇಡ ಅಂದಮಾತ್ರಕ್ಕೆ ಆಧಾರ್ ಕಾರ್ಡ್ ಸಾಕು ಅಂತ ತಿಳಿಯಬೇಡಿ. 18ರಿಂದ 65 ವರ್ಷದೊಳಗಿನವರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕೇ ಬೇಕು. ವಿಮಾನಕ್ಕೆ ಹೈದರಾಬಾದ್‌ವರೆಗೆ ಹೋಗಿ ಕೌಂಟರಿನಿಂದ ವಾಪಸ್ ಬಂದರೆ ಟಿಕೆಟ್ ದುಡ್ಡು ಹೋಯಿತು. ಹಣದ ಲೆಕ್ಕ ಸುಲಭ, ನಮ್ಮ 100ಕ್ಕೆ ಅವರ 160.

ಎತ್ತರದ ವಿಷಯವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್, ಕಠ್ಮಂಡು ಸುಮಾರು 1,400. ಅಲ್ಲಿವರೆಗೆ ತೊಂದರೆಯಿಲ್ಲ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಂತಿ, ನಿದ್ದೆ ಬಾರದಿರುವುದು ಶುರುವಾಗಬಹುದು. 3,000ದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ತಲೆನೋವು ಹೆಚ್ಚುತ್ತಾ ನಡಿಗೆ ತಪ್ಪತೊಡಗಿದರೆ ಕೂಡಲೇ ಕೆಳಗೆ ಇಳಿಸಿ. ಪ್ರಾರ್ಥನೆಯನ್ನು ಇಳಿಯುತ್ತಾ ಮಾಡಿ.

ಉಚಿತ ಆರೋಗ್ಯ ಶಿಬಿರ ಅಂತ ಬ್ಯಾನರ್ ಕಟ್ಟುವ ಮೊದಲು ತಿಳಿಯಿರಿ: ನೇಪಾಳ ಮೆಡಿಕಲ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೋಂದಣಿ ಇಲ್ಲದೆ ನಮ್ಮ ಡಾಕ್ಟರು ಅಲ್ಲಿ ರೋಗಿ ನೋಡುವಂತಿಲ್ಲ. ಅನಾಥಾಶ್ರಮಕ್ಕೆ ಬಿಸ್ಕತ್ತು ಹಂಚಲು ಹೋಗುವುದನ್ನಂತೂ ಪೂರ್ತಿ ಬಿಡಬೇಕು. ಅಲ್ಲಿನ ಅನಾಥಾಶ್ರಮಗಳಲ್ಲಿರುವ ಬಹಳ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಹೊರಗಿನವರು ಬಂದು ಕೊಡುವ ಕಾಣಿಕೆಗೋಸ್ಕರವೇ ಹಳ್ಳಿಯಿಂದ ಮಕ್ಕಳನ್ನು ತಂದಿಡುವವರಿದ್ದಾರೆ. ಅಂಥ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ಹಾಕುವುದು ನನ್ನ ದೃಷ್ಟಿಯಲ್ಲಿ ಪಾಪ.

ಅಲ್ಲಿನ ಸಭೆಯಲ್ಲಿ ಸಾಕ್ಷಿ ಹೇಳುವುದನ್ನು, ಅಂದರೆ ನಿಮ್ಮ ವಿಶ್ವಾಸದ ಅನುಭವ ಹೇಳುವುದನ್ನು, ಇಲ್ಲೇ ಅಭ್ಯಾಸ ಮಾಡಿ. ದುಭಾಷಿ ಇದ್ದಾಗ ಹತ್ತು ನಿಮಿಷದ ಮಾತು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಒಂದು ಪೂರ್ತಿ ವಾಕ್ಯ, ನಿಲ್ಲಿಸಿ, ಮತ್ತೊಂದು. ಗಾದೆ ಬೇಡ, ಪ್ರಾಸ ಬೇಡ. ನಮ್ಮ ಭಾಗದವರಿಗೆ ಹಿಂದಿ ಬರುವುದರಿಂದ, ಲಿಪಿಯೂ ಅದೇ ಆಗಿರುವುದರಿಂದ, ನೇಪಾಳಿ ಬೈಬಲನ್ನು ಅಕ್ಷರ ಕೂಡಿಸಿಯಾದರೂ ಓದಬಹುದು. "ಜಯ ಮಸೀಹ" ಅಂತ ವಂದಿಸುವುದರ ಜೊತೆಗೆ ಇಪ್ಪತ್ತು ವಾಕ್ಯ ಕಲಿತು ಹೋಗಿ.

ಕಾಣಿಕೆ ದುಡ್ಡಿಗೆ ಅಪೊಸ್ತಲ ಪೌಲನೇ ದಾರಿ ತೋರಿಸಿದ್ದಾನೆ. ಬೈಬಲಿನ 2 ಕೊರಿಂಥ ಪತ್ರದ 8ನೇ ಅಧ್ಯಾಯದಲ್ಲಿ, ಯಾರೂ ತಪ್ಪು ಹೊರಿಸದಂತೆ ಕಾಣಿಕೆಯ ಕೆಲಸಕ್ಕೆ ತನ್ನ ಜೊತೆಗಾರ ತೀತನನ್ನೂ ಇನ್ನಿಬ್ಬರು ಸಹೋದರರನ್ನೂ ಕಳಿಸುತ್ತಾನೆ. ಕವರಿನಲ್ಲಿ ಮಡಚಿ ಪಾಸ್ಟರ್ ಕೈಗೆ ತುರುಕಬೇಡಿ. ಅವರ ಸಭೆಯಲ್ಲೇ ಅವರ ಮೇಲೆ ಅನುಮಾನ ಹುಟ್ಟುತ್ತದೆ. ಕಮಿಟಿಗೆ ಕೊಟ್ಟು ಇಬ್ಬರ ಸಹಿಯ ರಸೀದಿ ತನ್ನಿ.

"ಇಷ್ಟೆಲ್ಲ ಬಿಗಿ ಮಾಡಿದರೆ ಹುಡುಗರ ವಿಶ್ವಾಸ ಹೇಗೆ ಬೆಳೀತದ್ರೀ?" ಅಂತ ಕೇಳುವವರಿದ್ದಾರೆ. ವೇದಿಕೆ ಮೈಕು ಕೊಟ್ಟರೆ ಬೆಳೆಯುವುದು ಮಾತು. ತನಗೆ ತಿಳಿಯದ ಭಾಷೆಯ ಪ್ರಾರ್ಥನೆಯಲ್ಲಿ ಎರಡು ಗಂಟೆ ಕೂತು, ಬೇರೆ ಸಭೆಯ ಹಿರಿಯರು ಹೇಳಿದ ಕೆಲಸ ಮಾಡಿ, ತಟ್ಟೆ ತೊಳೆದು, ಸಂಜೆ ತಂಡದವರೆಲ್ಲ ಅರ್ಧ ಗಂಟೆ ಕೂತು ಇವತ್ತು ಎಲ್ಲಿ ಸಿಟ್ಟು ಬಂತು, ಎಲ್ಲಿ ಹೆಮ್ಮೆ ತಲೆ ಎತ್ತಿತು ಅಂತ ಒಬ್ಬರಿಗೊಬ್ಬರು ಹೇಳಿಕೊಂಡರೆ ಒಳಗೆ ಏನೋ ಕದಲುತ್ತದೆ. ಬೈಬಲಿನಲ್ಲಿ ಪೌಲ-ಬಾರ್ನಬರ ಜೊತೆ ಸೇವೆಗೆ ಹೊರಟ ಮಾರ್ಕನೂ ಪಂಫುಲ್ಯದ ಪೆರ್ಗೆಯಿಂದ ನಡುವೆಯೇ ಹಿಂದಿರುಗಿ ಬಂದಿದ್ದ. ಅವನನ್ನು ಬಾರ್ನಬ ಮತ್ತೆ ಜೊತೆಗೆ ಕರೆದುಕೊಂಡು ಹೋದ. ಮುಂದೆ ಪೌಲನೇ ಅವನನ್ನು ಕರೆತರಲು ಬರೆದ. ನಡುವಿನ ಆ ವರ್ಷಗಳು ಯಾವ ಪೋಸ್ಟರಿಗೂ ಹಿಡಿಸುವುದಿಲ್ಲ.

ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಗೆ ಅಮೆರಿಕದ ಒಂದು ಮೆಥಡಿಸ್ಟ್ ಕಾನ್ಫರೆನ್ಸಿನ, ಅಂದರೆ ಅಲ್ಲಿನ ಸಭೆಗಳ ಪ್ರಾದೇಶಿಕ ಒಕ್ಕೂಟದ ಹೆಸರಿದೆ. ನಮ್ಮ ಭಾಗ ಸೇವೆಯನ್ನು ಪಡೆದ ಭಾಗ. ಹೊರಗಿಂದ ಬಂದವರು ಎಲ್ಲಿ ನೆರವಾದರು, ಎಲ್ಲಿ ತಮ್ಮದೇ ನಡೆಸಿದರು ಅನ್ನುವುದು ನಮ್ಮ ಅಜ್ಜ-ಅಜ್ಜಿಯರಿಗೆ ಗೊತ್ತು. ಕೇಳಿ ಹೋಗಿ.

ಬೈಬಲಿನಲ್ಲಿ ಅಂತಿಯೋಕ್ಯದ ಸಭೆ ಉಪವಾಸ ಪ್ರಾರ್ಥನೆ ಮಾಡಿ, ಕೈಯಿಟ್ಟು ಬಾರ್ನಬ-ಸೌಲರನ್ನು (ಸೌಲ ಅಂದರೆ ಪೌಲನೇ) ಕಳಿಸಿತು. ಅವರು ತಿರುಗಿ ಬಂದು ಸಭೆಯನ್ನು ಕೂಡಿಸಿ ವರದಿ ಒಪ್ಪಿಸಿದರು. ನೀವೂ ಬಂದ ಮೊದಲ ಭಾನುವಾರ ಖರ್ಚಿನ ಲೆಕ್ಕದ ಸಮೇತ ವರದಿ ಕೊಡಿ, ಅಲ್ಲಿನವರ ಮುಖ, ಊರು ತೋರಿಸದೆ. ಮುಂದಿನ ವರ್ಷ ಹೊಸ ಊರು ಹುಡುಕಬೇಡಿ. ಅದೇ ಸಭೆ ಮತ್ತೆ ಕರೆದರೆ ಅದಕ್ಕೇ ಹೋಗಿ.

ಪೋಸ್ಟರ್ ಮಾಡಿದ ತಮ್ಮಂದಿರಾ, ಇದನ್ನು ಓದುತ್ತಿದ್ದರೆ ಮೊದಲು ಎಲ್ಲ ಗುಂಪಿನಲ್ಲೂ ಅದನ್ನು ಡಿಲೀಟ್ ಮಾಡಿ. ಆಮೇಲೆ ಆ ಪಾಸ್ಟರಿಗೆ ಫೋನ್ ಮಾಡಿ, ಫೋಟೋ ಎಲ್ಲೆಲ್ಲಿಗೆ ಹೋಗಿದೆ ಅಂತ ಮುಚ್ಚಿಡದೆ ಹೇಳಿ. ಈ ಸಲ ಬರಬೇಡಿ ಅಂತ ಅವರು ಅಂದರೆ ಟಿಕೆಟ್ ಕ್ಯಾನ್ಸಲ್ ಮಾಡಿಸಿ.