ಜಗಳ ಆಡದೆ ರಾಜಕೀಯ ಮಾತನಾಡಿದರೆ ಕೇಳುಗರಿಗೆ ಲಾಭವೋ ನಷ್ಟವೋ?

ಬ್ರಿಟನ್ನಿನ ‘ದಿ ರೆಸ್ಟ್ ಈಸ್ ಪಾಲಿಟಿಕ್ಸ್’ ಪಾಡ್‌ಕಾಸ್ಟ್ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ನಡೆಸಿಕೊಡುವವರು ಇಬ್ಬರು. ಅಲಸ್ಟೇರ್ ಕ್ಯಾಂಬೆಲ್, ಲೇಬರ್ ಪಕ್ಷದ ಟೋನಿ ಬ್ಲೇರ್ ಪ್ರಧಾನಿಯಾಗಿದ್ದಾಗ ಅವರ ಮಾಧ್ಯಮದ ಕೆಲಸ ನೋಡಿಕೊಂಡವರು. ರೋರಿ ಸ್ಟೀವರ್ಟ್, ಕನ್ಸರ್ವೇಟಿವ್ ಪಕ್ಷದಿಂದ ಸಂಸದರೂ ಮಂತ್ರಿಯೂ ಆಗಿದ್ದವರು. ಭಿನ್ನಾಭಿಪ್ರಾಯ ಇರಲಿ, ಸೌಜನ್ಯ ತಪ್ಪದಿರಲಿ ಅನ್ನುವುದು ಇಬ್ಬರ ನಿಯಮ. ಕೆಲವು ಕೇಳುಗರಿಗೆ ಇದೇ ಇಷ್ಟ, ಕೆಲವರಿಗೆ ಇದೇ ಕಿರಿಕಿರಿ.

ಪರ

ಕನ್ನಡದ ನ್ಯೂಸ್ ಚಾನೆಲ್‌ಗಳ ರಾತ್ರಿ ಚರ್ಚೆ ನೋಡಿದವರಿಗೆ ಈ ಕಾರ್ಯಕ್ರಮ ಯಾಕೆ ಹಿಡಿಸುತ್ತದೆ ಅಂತ ವಿವರಿಸಬೇಕಾಗಿಲ್ಲ. ಪರದೆ ಮೇಲೆ ಆರು ಮುಖ, ಆರೂ ಜನ ಒಟ್ಟಿಗೆ ಕೂಗುತ್ತಾರೆ, ನಿರೂಪಕರು ಅವರಿಗಿಂತ ಜಾಸ್ತಿ ಕೂಗುತ್ತಾರೆ. ಒಂದು ಗಂಟೆ ನೋಡಿದ ಮೇಲೂ ಮಸೂದೆಯಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಒಬ್ಬರು ಮಾತು ಮುಗಿಸುತ್ತಾರೆ, ಇನ್ನೊಬ್ಬರು ಕೇಳಿಸಿಕೊಂಡು ಉತ್ತರ ಕೊಡುತ್ತಾರೆ.

ಇರಾಕ್ ವಿಷಯವನ್ನೇ ತಗೊಳ್ಳಿ. 2002ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಸದ್ದಾಂ ಹುಸೇನ್ ಹತ್ತಿರ ಸಮೂಹನಾಶಕ ಅಸ್ತ್ರಗಳಿವೆ ಅಂತ ವರದಿ ಹೊರಡಿಸಿದಾಗ ಕ್ಯಾಂಬೆಲ್ ಪ್ರಧಾನಿ ಕಚೇರಿಯಲ್ಲಿದ್ದರು. ಆ ಅಸ್ತ್ರಗಳು ಸಿಗಲೇ ಇಲ್ಲ. 2003ರಲ್ಲಿ ಅಮೆರಿಕ, ಬ್ರಿಟನ್ ಇರಾಕ್ ಮೇಲೆ ಯುದ್ಧ ಮಾಡಿದ ಮೇಲೆ ಸ್ಟೀವರ್ಟ್ ದಕ್ಷಿಣ ಇರಾಕ್‌ನ ಮೈಸಾನ್ ಪ್ರಾಂತ್ಯದಲ್ಲಿ ಆಡಳಿತ ನಡೆಸಲು ಹೋದರು, ಅಲ್ಲಿ ಏನೇನು ಕೆಟ್ಟುಹೋಯಿತು ಅಂತ ಕಣ್ಣಾರೆ ಕಂಡರು. 2023ರಲ್ಲಿ ಯುದ್ಧಕ್ಕೆ 20 ವರ್ಷ ತುಂಬಿದಾಗ ಇಬ್ಬರೂ ಕೂತು ಈ ಬಗ್ಗೆ ವಿವರವಾಗಿ ಮಾತನಾಡಿದರು. ಯುದ್ಧಕ್ಕೆ ಹೋಗಿದ್ದೇ ತಪ್ಪು ಅನ್ನುವವರು ಒಬ್ಬರು, ಅಂದಿನ ನಿರ್ಧಾರದ ಪರವಾಗಿ ಇಂದಿಗೂ ವಾದಿಸುವವರು ಇನ್ನೊಬ್ಬರು. ಕ್ಯಾಂಬೆಲ್ ಮೇಲೆ ಕೇಳುಗರಿಗೆ ಇರುವ ಸಿಟ್ಟು ನನಗೆ ಅರ್ಥವಾಗುತ್ತದೆ, ಅದು ನ್ಯಾಯವಾದದ್ದೇ. ಆದರೆ ಕೂಗಾಡಿದ್ದರೆ ಅವರು ತಮ್ಮ ಹಳೇ ಸಮರ್ಥನೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದರು, ಅಷ್ಟೇ. ಆ ತೀರ್ಮಾನ ಹೇಗಾಯಿತು, ಯಾರು ಏನು ನಂಬಿದ್ದರು ಅನ್ನುವುದು ನಮ್ಮ ಕಿವಿಗೆ ಬಿದ್ದದ್ದು ಎದುರಿಗಿದ್ದವರು ಶಾಂತವಾಗಿ ಕೇಳಿದ್ದಕ್ಕೆ.

ಇನ್ನೊಂದು ಮಾತು. 2024ರ ಅಮೆರಿಕದ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಆರಾಮವಾಗಿ ಗೆಲ್ಲುತ್ತಾರೆ ಅಂತ ಸ್ಟೀವರ್ಟ್ ಹೇಳಿದ್ದರು. ಟ್ರಂಪ್ ಗೆದ್ದ ಮೇಲೆ ‘ನಾನು ಹೇಳಿದ್ದು ತಪ್ಪು’ ಅಂತ ಅವರೇ ಒಪ್ಪಿಕೊಂಡರು. ನಮ್ಮಲ್ಲಿ ಎಕ್ಸಿಟ್ ಪೋಲ್ ತಲೆಕೆಳಗಾದ ಮರುದಿನ ಎಷ್ಟು ನಿರೂಪಕರು ಹೀಗೆ ಒಪ್ಪಿಕೊಂಡಿದ್ದಾರೆ ಹೇಳಿ?

ವಿರೋಧ

ಸೌಜನ್ಯದ ಬಗ್ಗೆ ನನ್ನ ತಕರಾರಿಲ್ಲ. ಇವರ ಮಧ್ಯೆ ಒಪ್ಪದಿರುವಂಥದ್ದು ಏನಿದೆ, ಅದು ನನ್ನ ಪ್ರಶ್ನೆ.

2016ರ ಜನಮತಗಣನೆಯಲ್ಲಿ ಬ್ರಿಟನ್ನಿನ ಶೇ. 51.9ರಷ್ಟು ಮತದಾರರು ಯುರೋಪಿಯನ್ ಒಕ್ಕೂಟದಿಂದ ಹೊರಬರಲು, ಅಂದರೆ ಬ್ರೆಕ್ಸಿಟ್‌ಗೆ, ಮತ ಹಾಕಿದರು. ಇವರಿಬ್ಬರೂ ಒಳಗೇ ಉಳಿಯಬೇಕು ಅಂದವರು. ಆಮೇಲೆ ಸ್ವಲ್ಪ ಭಿನ್ನಮತ ಇತ್ತು, ನಿಜ: ಸ್ಟೀವರ್ಟ್ ಅಂದಿನ ಪ್ರಧಾನಿ ಥೆರೆಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದದ ಪರ ನಿಂತರು, ಕ್ಯಾಂಬೆಲ್ ಮತ್ತೊಂದು ಜನಮತಗಣನೆ ಬೇಕು ಅಂತ ಓಡಾಡಿದರು. ಆದರೆ ಒಂದೇ ದಂಡೆಯಲ್ಲಿ ನಿಂತವರ ನಡುವಿನ ಭಿನ್ನಮತ ಅದು. ಅರ್ಧಕ್ಕಿಂತ ಹೆಚ್ಚು ಜನ ಹಾಕಿದ ಮತಕ್ಕೆ ಅಲ್ಲಿ ದನಿಯೇ ಇಲ್ಲ.

ಲೇಬರ್‌ನವರೊಬ್ಬರು, ಕನ್ಸರ್ವೇಟಿವ್‌ನವರೊಬ್ಬರು ಅಂತ ಪರಿಚಯ ಮಾಡಿಕೊಟ್ಟರೆ ಎರಡೂ ಕಡೆಯವರು ಸಿಕ್ಕರು ಅನ್ನಿಸುತ್ತದೆ, ಅಲ್ವಾ? 2019ರಲ್ಲಿ ಏನಾಯಿತು ನೋಡಿ. ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಬೇರೆ ಪಕ್ಷವಾದ ಲಿಬರಲ್ ಡೆಮಾಕ್ರಟ್ಸ್‌ಗೆ ಮತ ಹಾಕಿದೆ ಅಂತ ಹೇಳಿದ್ದಕ್ಕೆ ಕ್ಯಾಂಬೆಲ್ ಅವರನ್ನು ಲೇಬರ್ ಹೊರಹಾಕಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಒಪ್ಪಂದವಿಲ್ಲದ ಬ್ರೆಕ್ಸಿಟ್ ತಡೆಯಲು ಸರ್ಕಾರದ ವಿರುದ್ಧ ಮತ ಹಾಕಿದ ಇತರ 20 ಸಂಸದರ ಜೊತೆ ಸ್ಟೀವರ್ಟ್ ಅವರನ್ನೂ ಕನ್ಸರ್ವೇಟಿವ್ ಗುಂಪಿನಿಂದ ಹೊರಗಿಟ್ಟರು. ಇಬ್ಬರೂ ನಂಬಿದ್ದಕ್ಕೆ ಬೆಲೆ ತೆತ್ತರು, ಅದಕ್ಕೆ ಗೌರವ ಇದೆ. ಆದರೆ ಪಕ್ಷಗಳ ಒಳಗೇ ಉಳಿದ ಜನ ಯಾಕೆ ಬೇರೆ ಥರ ಯೋಚಿಸುತ್ತಾರೆ ಅಂತ ಹೇಳುವವರು ಯಾರು? ಕೇಳುಗರು ಇವರನ್ನು ‘ಸೆಂಟ್ರಿಸ್ಟ್ ಡ್ಯಾಡ್ಸ್’ (ಎಡವೂ ಅಲ್ಲದ ಬಲವೂ ಅಲ್ಲದ ನಡುದಾರಿಯ ಅಪ್ಪಂದಿರು) ಅಂತ ಕರೆಯುವುದು ಸುಮ್ನೆ ಅಲ್ಲ.

ಹ್ಯಾರಿಸ್ ಲೆಕ್ಕಾಚಾರವನ್ನೂ ನಾನು ಹೀಗೇ ನೋಡುತ್ತೇನೆ. ಟ್ರಂಪ್ ಪೈಪೋಟಿಯ ಏಳೂ ರಾಜ್ಯ ಗೆದ್ದರು, ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಮತಗಳಲ್ಲಿ 312 ಪಡೆದರು. ತಪ್ಪಾಯಿತು ಅಂದದ್ದು ದೊಡ್ಡತನವೇ. ಆದರೆ ಆಮೇಲೆ ಹೇಳುವುದಕ್ಕಿಂತ ಮೊದಲೇ ತಡೆದು, ‘ನನ್ನ ಊರಲ್ಲಿ ಜನ ಹೀಗೆ ಮಾತಾಡುತ್ತಿಲ್ಲ’ ಅನ್ನುವ ಒಬ್ಬರು ಆ ಮೇಜಿನಲ್ಲಿ ಬೇಕಿತ್ತು.

ಇರಾಕ್ ಬಗ್ಗೆಯೂ ಅಷ್ಟೇ. ಪ್ರತಿ ವಾರ ಜೊತೆಗೆ ಕೂರುವ ಗೆಳೆಯ ಎಷ್ಟು ಅಂತ ಒತ್ತಿ ಕೇಳಬಲ್ಲ? ಮುಂದಿನ ವಾರವೂ ಕಾರ್ಯಕ್ರಮ ನಡೆಯಬೇಕಲ್ಲ. ಆ ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡ ಇರಾಕಿಯೊಬ್ಬರು ಎದುರಿಗಿದ್ದರೆ ಮಾತು ಇಷ್ಟು ಸಲೀಸಾಗಿ ಮುಂದಿನ ವಿಷಯಕ್ಕೆ ಹೋಗುತ್ತಿರಲಿಲ್ಲ. ಬೇರೆ ವಿಚಾರದವರು ಅತಿಥಿಗಳಾಗಿ ಬಂದು ಹೋಗುತ್ತಾರಲ್ಲ ಅನ್ನಬಹುದು. ಅತಿಥಿಗೆ ಸಿಗುವುದು ಒಂದು ಗಂಟೆ. ಯಾವ ವಿಷಯ ಚರ್ಚೆಗೆ ಬರಬೇಕು, ಯಾವುದನ್ನು ಬಿಡಬೇಕು ಅಂತ ವಾರವಾರವೂ ತೀರ್ಮಾನಿಸುವವರು ಇವರಿಬ್ಬರೇ.